ಮೂರನೇ ಪ್ರೆಸ್ಸಿನ ಮುಂದೆ

ಸೋಮವಾರ ಬೆಳಿಗ್ಗೆ ಪ್ರೆಸ್ ಶೆಡ್ಡಿಗೆ ಕಾಲಿಟ್ಟ ಬಸವರಾಜೇಶ್ವರಿಗೆ, ಎಲ್ಲರ ಬಾಯಲ್ಲಿ ಬರೀ ರಾಜೇಶ್ವರಿಗೆ, ಮೈಯೆಲ್ಲ ಉರಿದುಹೋಯಿತು. ಹೆಂಗಸರು ಕೂರುವ ಮೂರೂ ಪ್ರೆಸ್ಸುಗಳ ಪಕ್ಕದಲ್ಲಿ ಇಕ್ಕಳಗಳು ಮತ್ತೆ ಬಂದು ಕೂತಿದ್ದವು.

ಅವುಗಳನ್ನು ತೆಗೆಸಿದವಳೇ ಅವಳು.

ರಾಜಾಜಿನಗರದಲ್ಲಿ ಆಗ ರಸ್ತೆಗಳಿಗಿಂತ ಕೆಂಪು ಮಣ್ಣೇ ಹೆಚ್ಚು. ಆ ಮಣ್ಣಿನ ನಡುವೆ ಹೊಸದಾಗಿ ಎದ್ದ ಶೆಡ್ಡುಗಳಲ್ಲಿ ಏಕಾಂತಯ್ಯನವರ ಬಲ್ಬ್ ಹೋಲ್ಡರ್ ಕಾರ್ಖಾನೆಯೂ ಒಂದು. ಹಿತ್ತಾಳೆಯ ದುಂಡು ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನಿಂದ ಕಬ್ಬಿಣದ ಗುದ್ದು ಇಳಿದು ಬಿಲ್ಲೆಯನ್ನು ಪುಟ್ಟ ಬಟ್ಟಲು ಮಾಡುತ್ತಿತ್ತು. ಮೊದಲು ಆ ಕೆಲಸ ಗಂಡಸರದು. ಅವರು ಬಿಲ್ಲೆ ಇಡುವುದಕ್ಕೂ ತೆಗೆಯುವುದಕ್ಕೂ ಇಕ್ಕಳ ಬಳಸುತ್ತಿದ್ದರು. ಹೆಂಗಸರ ಸಪೂರ ಬೆರಳಿಗೆ ಇಕ್ಕಳವೇ ಅಡ್ಡಿ, ಬರಿಗೈಯಲ್ಲಾದರೆ ಕೆಲಸ ನೀರು ಹರಿದ ಹಾಗೆ ಸಾಗುತ್ತದೆ ಎಂದು ತೋರಿಸಿಕೊಟ್ಟವಳು ಲೇಡಿ ಸೂಪರ್‌ವೈಸರ್ ರಾಜೇಶ್ವರಿ.

ಏಕಾಂತಯ್ಯನವರು ಬೊಂಬಾಯಿಯಲ್ಲಿ ಮ್ಯಾನೇಜರುಗಳ ತರಬೇತಿಗೆ ಹೋಗಿಬಂದ ಮೇಲೆ ಪ್ರತಿ ಶನಿವಾರ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, "ಈ ವಾರ ಏನು ಸುಧಾರಣೆ?" ಎಂದು ಕೇಳುವ ಅಭ್ಯಾಸ ಇಟ್ಟುಕೊಂಡಿದ್ದರು. ಇಕ್ಕಳದ ಸಲಹೆ ಕೇಳಿದ ದಿನ ಅವರೇ ಮೊದಲು ಚಪ್ಪಾಳೆ ತಟ್ಟಿದ್ದರು. ಚಪ್ಪಾಳೆ ತಟ್ಟದವನು ಒಬ್ಬನೇ, ಫೋರ್ಮನ್ ವೆಂಕಟಗಿರಿ.

ಅವನೀಗ ಮೂರನೇ ಪ್ರೆಸ್ಸಿನ ಪಕ್ಕದಲ್ಲಿ ಬೆನ್ನು ಮಾಡಿ ನಿಂತಿದ್ದ.

"ಇದನ್ನ ಯಾರು ತಂದಿಟ್ಟಿದ್ದು?"

"ನಾನೇ," ಎಂದ, ತಿರುಗದೆ.

"ಯಾಕೆ?"

"ಇಕ್ಕಳ ಹಿಡೀಲಿ. ಸ್ವಲ್ಪ ದಿನ."

"ಕಾರಣ ಹೇಳಿ."

ಆಗ ತಿರುಗಿದ. ಎಣ್ಣೆ ಮೆತ್ತಿದ ತೋಳು, ನಿದ್ದೆಗೆಟ್ಟು ಕೆಂಪಾದ ಕಣ್ಣು. ಆ ಕಣ್ಣುಗಳು ಅವಳ ಮುಖದ ಮೇಲೆ ಒಂದು ಗಳಿಗೆ ನಿಂತು, ಹೇಳಲು ಏನೋ ಇದ್ದಂತೆ ತಡವರಿಸಿ, ನೆಲ ನೋಡಿದವು. "ಕಾರಣ ಐತೆ. ಈಗ ಹೇಳೋಕಾಗಲ್ಲ ಕಣ್ರೀ."

ಅದೇ ಅವಳಿಗೆ ಚುಚ್ಚಿದ್ದು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಹೊಂಗೆ ಮರದ ನೆರಳಿನಲ್ಲಿ ಅವನು ದೂರದಿಂದ ಅವಳ ಕಡೆಗೊಮ್ಮೆ ನೋಡಿ, ಅವಳು ನೋಡಿದಾಗ ಬುತ್ತಿಯ ಮುಚ್ಚಳದಲ್ಲಿ ತನ್ನ ಮುಖ ಹುಡುಕುವವನಂತೆ ತಲೆ ತಗ್ಗಿಸುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಕಂಡು ಮನಸ್ಸಿನಲ್ಲೇ ನಕ್ಕಿದ್ದಳು. ಆ ನಗು ಇವತ್ತು ಮೂರ್ಖತನ ಅನ್ನಿಸಿತು.

"ಹೆಂಗಸರು ಮುಂದೆ ಬಂದ್ರೆ ನಿಮಗೆ ತಡ್ಕೊಳ್ಳೋಕಾಗಲ್ಲ ಅಂತ ನೇರವಾಗಿ ಹೇಳಿಬಿಡಿ, ವೆಂಕಟಗಿರಿಯವರೇ."

ಅವನು ಮತ್ತೆ ಪ್ರೆಸ್ಸಿನ ಕಡೆ ತಿರುಗಿದ.

ಅವಳು ನೇರ ಏಕಾಂತಯ್ಯನವರ ರೂಮಿಗೆ ಹೋದಳು. ತಿಂಗಳ ಕೊನೆಗೆ ದೊಡ್ಡ ಆರ್ಡರ್ ಕಳಿಸಬೇಕಾಗಿದ್ದ ಏಕಾಂತಯ್ಯನವರು ಫೋರ್ಮನ್ನನ್ನು ಕರೆಸಿ, ಅವಳ ಎದುರಿಗೇ ಗದರಿದರು. ಮಧ್ಯಾಹ್ನದ ಹೊತ್ತಿಗೆ ಇಕ್ಕಳಗಳು ಮಾಯವಾದವು.

ಅವಳು ಗೆದ್ದಿದ್ದಳು.

ಗೆದ್ದ ಮೇಲೆ ಶೆಡ್ಡಿನ ಗಾಳಿ ಯಾಕೋ ಭಾರವಾಯಿತು. ವೆಂಕಟಗಿರಿ ತನ್ನ ಜಾಗ ಬಿಟ್ಟು ದಿನವಿಡೀ ಮೂರನೇ ಪ್ರೆಸ್ಸಿನ ಹಿಂದೆ ಬಂದು ನಿಲ್ಲತೊಡಗಿದ. ಆ ಪ್ರೆಸ್ಸಿನ ಮುಂದೆ ಕೂರುತ್ತಿದ್ದವಳು ಮೂಡಲಪಾಳ್ಯದ ಯಶೋದಮ್ಮ. ಸದಾ ಏನಾದರೂ ಗುನುಗುತ್ತ ಕೆಲಸ ಮಾಡುವ, ಎರಡು ಮಕ್ಕಳ ತಾಯಿ.

"ಫೋರ್ಮನ್ನು ನಮ್ಮ ರಾಜೇಶ್ವರಮ್ಮನ್ನ ನೋಡೋಕೇ ಇಲ್ಲಿ ಬಂದು ನಿಂತ್ಕೊಳ್ಳೋದು," ಎಂದು ಯಶೋದಮ್ಮ ಕಣ್ಣು ಮಿಟುಕಿಸಿದಳು. ಹುಡುಗಿಯರು ಕಿಸಕ್ಕನೆ ನಕ್ಕರು.

ರಾಜೇಶ್ವರಿ ಓರೆಗಣ್ಣಿನಲ್ಲಿ ಗಮನಿಸಿದಳು. ಅವನು ತನ್ನನ್ನು ನೋಡುತ್ತಿರಲಿಲ್ಲ. ಬೇಟೆನಾಯಿಯ ಹಾಗೆ ಕಿವಿ ನಿಮಿರಿಸಿ, ತಿರುಗುವ ದೊಡ್ಡ ಚಕ್ರವನ್ನೇ ನೋಡುತ್ತಿದ್ದ. ಗುದ್ದು ಇಳಿದಾಗಲೆಲ್ಲ ಅವನ ಹೆಗಲು ಬಿಗಿಯುತ್ತಿತ್ತು. ಯಶೋದಮ್ಮನ ಬೆರಳು ಹೊರಗೆ ಬಂದಾಗ ಸಡಿಲವಾಗುತ್ತಿತ್ತು. ಮತ್ತೆ ಬಿಗಿ, ಮತ್ತೆ ಸಡಿಲ. ಅದನ್ನು ನೋಡುತ್ತ ನಿಂತವಳಿಗೆ, ಹೊರಗೆ ಸುಡುವ ಬಿಸಿಲಿದ್ದರೂ, ಬೆನ್ನಿನಲ್ಲಿ ತಣ್ಣಗಾಯಿತು.

ಸಂಜೆ ಸೈಕಲ್ ಸ್ಟ್ಯಾಂಡಿನಲ್ಲಿ ಅವನನ್ನು ತಡೆದಳು.

"ಆ ಪ್ರೆಸ್ಸಲ್ಲಿ ಏನಿದೆ?"

ಅವನು ಸೈಕಲ್ಲಿನ ಹ್ಯಾಂಡಲ್ ಹಿಡಿದು ಹೊರಡಲು ನೋಡಿದ.

"ನನ್ನ ಮೇಲೆ ಕೋಪ ಇರಬಹುದು. ಯಶೋದಮ್ಮನ ಮೇಲೆ ಇಲ್ವಲ್ಲ. ಹೇಳಿ."

"ಹೇಳಬೇಡ ಅಂತ ಅಪ್ಪಣೆ ಆಗೈತೆ." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಹೋದ ತಿಂಗಳು ಒಂದು ಸಾಯಂಕಾಲ. ಎಲ್ಲರೂ ಹೋಗಿದ್ರು. ಮೋಟರ್ ಆರಿಸೋಕೆ ಅಂತ ಒಳಗೆ ಹೋದೆ. ಮೂರನೇ ಪ್ರೆಸ್ ಬಿತ್ತು."

"ಬಿತ್ತು ಅಂದ್ರೆ?"

"ಗುದ್ದು ಇಳೀತು. ಸ್ಟೂಲ್ ಮೇಲೆ ಯಾರೂ ಇರಲಿಲ್ಲ. ಪೆಡಲ್ ಮೇಲೆ ಯಾರ ಕಾಲೂ ಇರಲಿಲ್ಲ. ತಾನಾಗೇ ಇಳೀತು, ತಾನಾಗೇ ಮೇಲೆ ಹೋಗಿ ಸುಮ್ಮನಾಯ್ತು."

ದೂರದಲ್ಲಿ ಮಾಗಡಿ ರಸ್ತೆಯ ಕಡೆ ಯಾವುದೋ ಗಾಡಿಯ ಎತ್ತು ಕೊರಳ ಗಂಟೆ ಅಲುಗಿಸಿತು. ರಾಜೇಶ್ವರಿ ತನಗರಿವಿಲ್ಲದೆ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಮೇಲಿಂದ ನೋಡಿದ್ರೆ ಎಲ್ಲಾ ಸರಿಯಾಗೇ ಐತೆ," ಎಂದ ಅವನು. "ಒಳಗೆ ನೋಡಬೇಕು ಅಂದ್ರೆ ಚಕ್ರ ಇಳಿಸಬೇಕು, ದಿನಗಟ್ಟಲೆ ಪ್ರೆಸ್ ನಿಲ್ಲಬೇಕು. ಸಾಹೇಬ್ರನ್ನ ಕೇಳಿದೆ. ಆರ್ಡರ್ ಹೋಗಲಿ ಆಮೇಲೆ ನೋಡೋಣ, ಸುಮ್ಮನೆ ಹೆಂಗಸರನ್ನ ಹೆದರಿಸಬೇಡ ಅಂದ್ರು. ಅದಕ್ಕೇ ಇಕ್ಕಳ ಇಟ್ಟೆ. ಬಿದ್ರೂ ಇಕ್ಕಳದ ಮೇಲೆ ಬೀಳ್ಲಿ ಅಂತ."

"ಆ ಇಕ್ಕಳ ತೆಗೆಸಿದ್ದು ನಾನು." ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಎರಡು ಸಲ."

"ನಿಮಗೆ ಗೊತ್ತಿರಲಿಲ್ಲ."

"ನೀವು ಹೇಳಬಹುದಿತ್ತು."

"ಹೇಳಿದ್ರೆ ನಂಬ್ತಿದ್ರಾ?"

"ಭಾನುವಾರ ತೋರಿಸಿ," ಎಂದಳು.

ಭಾನುವಾರ ಅವಳು ಒಬ್ಬಳೇ ಬರಲಿಲ್ಲ. ಸೋದರತ್ತೆ ಶಿವಕ್ಕನನ್ನೂ ಕರೆತಂದಳು. ಚಿತ್ರದುರ್ಗದ ಕಡೆಯಿಂದ ಬಂದು ರಾಜಾಜಿನಗರದಲ್ಲೇ ಮನೆ ಮಾಡಿದ್ದ ಶಿವಕ್ಕ ವಿಧವೆ. ರಾಜೇಶ್ವರಿ ಇದ್ದದ್ದು ಅವಳ ಜೊತೆ. ಶೆಡ್ಡಿನ ಬಾಗಿಲಲ್ಲಿ ಮಣೆ ಹಾಕಿಕೊಂಡು, ಹತ್ತಿ ಬಿಡಿಸಿ ದೀಪದ ಬತ್ತಿ ಹೊಸೆಯುತ್ತ ಕೂತಳು.

"ಬ್ಯಾರೆ ಹುಡುಗ್ರು ಸಿನಿಮಾ ನೋಡಾಕೆ ಕರ್ಕಂಡು ಹೋಗ್ತಾರೆ," ಎಂದಳು ವೆಂಕಟಗಿರಿಯನ್ನು ಅಳೆಯುವವಳಂತೆ ನೋಡಿ. "ನೀನೇನಪ್ಪಾ, ಕಬ್ಬಣ ನೋಡಾಕೆ ಕರ್ಕಂಡು ಬಂದೀಯ."

ಅವನ ಕಿವಿ ಕೆಂಪಾಯಿತು. ರಾಜೇಶ್ವರಿ ಸೆರಗಿನಲ್ಲಿ ನಗು ಅಡಗಿಸಿಕೊಂಡಳು.

ಮೋಟರು ಹಾಕಿದ. ಮೇಲೆ ಬೆಲ್ಟು ಓಡಿತು, ಚಕ್ರ ತಿರುಗಿತು. ಅಚ್ಚಿನ ಮೇಲೆ ಒಂದು ಸೀಮೆಸುಣ್ಣದ ತುಂಡು ಇಟ್ಟ. ಗುದ್ದು ಬಿದ್ದರೆ ಅದು ಪುಡಿಯಾಗಬೇಕು. ಇಬ್ಬರೂ ಎರಡು ಪೆಟ್ಟಿಗೆಗಳ ಮೇಲೆ, ನಡುವೆ ಒಂದು ಮಾರು ಜಾಗ ಬಿಟ್ಟು ಕೂತರು. ಬಿಳಿ ತುಂಡಿನ ಮೇಲೆ ಕಪ್ಪು ಕಬ್ಬಿಣ ಉಸಿರು ಹಿಡಿದಂತೆ ತೂಗುತ್ತಿತ್ತು.

"ಪೆಡಲ್ ಹತ್ತಿರ ಕಾಲು ತರಬೇಡಿ," ಎಂದ.

"ನೀವು ಹೇಳಿದ್ದನ್ನ ಕೇಳದೇ ಇರೋದು ನನ್ನ ಅಭ್ಯಾಸ."

"ಗೊತ್ತು. ಇವತ್ತೊಂದು ದಿನ ಕೇಳಿ."

ಕಾದರು. ಒಬ್ಬರ ಜೊತೆ ಸುಮ್ಮನೆ ಕೂತು ಒಂದು ಕೆಟ್ಟದ್ದಕ್ಕಾಗಿ ಕಾಯುವುದು ಎಷ್ಟು ಹತ್ತಿರ ತರುತ್ತದೆಂದು ಅವಳಿಗೆ ಆವರೆಗೂ ಗೊತ್ತಿರಲಿಲ್ಲ. ಮಾತು ತಾನಾಗಿ ಬಂತು. ಅವನು ಅತ್ತಿಗುಪ್ಪೆಯವನು, ಅವನ ಅವ್ವ ಲಿಂಗಮ್ಮ ಹೊಲದ ಸೊಪ್ಪು ತರಕಾರಿ ಮಾರ್ಕೆಟ್ಟಿಗೆ ಕಳಿಸುವವಳು. ರಾಜೇಶ್ವರಿ ಮೇಷ್ಟರ ಮಗಳು. ಮನೆಯಲ್ಲಿ ನೋಡಿದ ಗಂಡು ಇವಳು ಕೆಲಸ ಬಿಡಬೇಕೆಂದದ್ದಕ್ಕೆ ಇವಳು ಗಂಡನ್ನೇ ಬಿಟ್ಟಿದ್ದಳು.

"ಆಮೇಲೆ ಬೇಜಾರಾಗಲಿಲ್ವಾ?"

"ಆಯ್ತು. ಅವನ ಮೀಸೆ ಚೆನ್ನಾಗಿತ್ತು."

ಅವನ ಕೈ ತಾನಾಗಿ ಮೂಗಿನ ಕೆಳಗಿನ ಬೋಳು ಜಾಗ ಮುಟ್ಟಿ ನೋಡಿತು. ಅವಳು ಗಟ್ಟಿಯಾಗಿ ನಕ್ಕಳು. ನಗು ತಗಡಿನ ಮಾಡಿಗೆ ತಾಗಿ ವಾಪಸು ಬಂದಾಗ ಇಬ್ಬರೂ ಬೆಚ್ಚಿ ಪ್ರೆಸ್ಸಿನ ಕಡೆ ನೋಡಿದರು. ನಗುವುದಕ್ಕೇ ಅದು ಕಾದಿರಬಹುದು ಅನ್ನಿಸಿತ್ತು.

ಏನೂ ಆಗಲಿಲ್ಲ.

ಬಿಸಿಲು ಬಾಗಿಲಿನಿಂದ ಒಳಗೆ ಬಂದು, ನೆಲದ ಮೇಲೆ ತೆವಳಿ, ಗೋಡೆ ಹತ್ತಿತು. ಶಿವಕ್ಕನ ಬತ್ತಿ ಹೊಸೆದಾಯಿತು. ಸೀಮೆಸುಣ್ಣದ ತುಂಡು ಇಟ್ಟ ಹಾಗೇ ಇತ್ತು. ವೆಂಕಟಗಿರಿ ಎದ್ದು ಮೋಟರು ಆರಿಸಿದ. ಚಕ್ರ ನಿಧಾನವಾಗಿ ಸುಸ್ತಾಗಿ ನಿಂತಿತು.

"ನೋಡಿದ್ರಲ್ಲ," ಎಂದ. ಮುಖ ಸಣ್ಣಗಾಗಿತ್ತು. "ಯಾರಿಗೆ ತೋರಿಸೋಕೆ ಹೋದ್ರೂ ಹಿಂಗೇ. ಒಂದೊಂದ್ಸಲ ನನಗೇ ಹುಚ್ಚು ಹಿಡೀತಾ ಐತೇನೋ ಅನ್ಸುತ್ತೆ."

ರಾಜೇಶ್ವರಿ ಸೀಮೆಸುಣ್ಣದ ಕಡೆ ನೋಡಲಿಲ್ಲ. ಅವನ ಕಡೆ ನೋಡಿದಳು. ದಿನವಿಡೀ ಬೇರೆಯವರ ಬೆರಳುಗಳನ್ನು ಕಣ್ಣಲ್ಲೇ ಕಾಯ್ದು ಸೋತ ಮುಖ ಅದು.

"ನೀವು ನೋಡಿದ್ದೀರಿ. ನನಗೆ ಅಷ್ಟು ಸಾಕು."

"ಸುಣ್ಣ ಮುರೀಲಿಲ್ಲ."

"ಮುರಿಯೋವರೆಗೂ ಕಾಯ್ಬೇಕಾ? ನಾನು ನಂಬ್ತೀನಿ."

ಅವನು ಸೀಮೆಸುಣ್ಣದ ತುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಬಾಗಿಲ ಹತ್ತಿರ ಶಿವಕ್ಕ ಮಣೆ ಎತ್ತಿಕೊಂಡು ಎದ್ದು, ಇಬ್ಬರ ಮುಖಗಳನ್ನೂ ಒಂದಾದ ಮೇಲೊಂದು ನೋಡಿದಳು.

ಮರುದಿನ ಬೆಳಿಗ್ಗೆ ರಾಜೇಶ್ವರಿ ಏಕಾಂತಯ್ಯನವರ ರೂಮಿನಲ್ಲಿ ನಿಂತಿದ್ದಳು. ಅವರು ಕೆಟ್ಟ ಮನುಷ್ಯರಲ್ಲ. ಕೆಲಸಗಾರರ ಮನೆಯ ಮದುವೆಗೆ ತಪ್ಪದೆ ಹೋಗುವವರು. ಆದರೆ ಒಳ್ಳೆಯ ಸುದ್ದಿ ಕೇಳಿದಾಗ ಹಿಗ್ಗುವ ಅವರ ಮುಖ, ಕೆಟ್ಟ ಸುದ್ದಿಗೆ ಕದ ಹಾಕಿಕೊಳ್ಳುತ್ತಿತ್ತು. ಆ ಮುಖ ಮುಚ್ಚಿಕೊಳ್ಳುವುದನ್ನು ನೋಡಿ ನೋಡಿ, ಕೆಟ್ಟ ಸುದ್ದಿ ತರುವುದನ್ನೇ ಕಾರ್ಖಾನೆ ಬಿಟ್ಟುಬಿಟ್ಟಿತ್ತು. ರಾಜೇಶ್ವರಿ ಇದನ್ನು ಅವತ್ತು ಮೊದಲ ಸಲ ಅರ್ಥ ಮಾಡಿಕೊಂಡಳು.

"ನಿಮ್ಮ ಸಲಹೆ ನೀವೇ ವಾಪಸ್ ತಗೋತೀರಾ?" ಎಂದರು ಅವರು. "ಭಾನುವಾರ ಪೂರ್ತಿ ಕೂತು ನೋಡಿದ್ರಂತೆ. ಬಿತ್ತಾ?"

"ಇಲ್ಲ ಸಾರ್."

"ಮತ್ತೆ? ತಿಂಗಳು ಕಳೀಲಿ. ಈಗ ಮೂರನೇ ಪ್ರೆಸ್ ನಿಂತ್ರೆ ಆರ್ಡರ್ ಕೈ ತಪ್ಪುತ್ತೆ."

"ಹಾಗಾದ್ರೆ ಅದರ ಮುಂದೆ ನಾನು ಕೂರ್ತೀನಿ."

ಅವರು ನಕ್ಕರು. ಅವಳು ನಗಲಿಲ್ಲ.

ಯಶೋದಮ್ಮನನ್ನು ಎಬ್ಬಿಸಿ ಪ್ಯಾಕಿಂಗಿಗೆ ಕಳಿಸಿ, ಇಕ್ಕಳ ಹಿಡಿದು ಮೂರನೇ ಪ್ರೆಸ್ಸಿನ ಮುಂದೆ ಕೂತಳು. ವೆಂಕಟಗಿರಿ ಓಡಿಬಂದ.

"ಏಳಿ ಮೇಲೆ."

"ಯಾರಾದ್ರೂ ಕೂರಲೇಬೇಕಲ್ಲ."

"ನಾನು ಕೂರ್ತೀನಿ."

"ನಿಮಗೆ ಇಡೀ ಶೆಡ್ಡು ನೋಡ್ಕೊಳ್ಳೋದಿದೆ. ಇಕ್ಕಳ ಇದೆಯಲ್ಲ ನನ್ನ ಹತ್ರ."

"ಇಕ್ಕಳದ ಹಿಂದೆ ನಿಮ್ಮ ಕೈ ಐತೆ!" ಅವನ ದನಿ ಒಡೆದುಹೋಯಿತು. ಅಕ್ಕಪಕ್ಕದ ಹುಡುಗಿಯರು ತಲೆ ಎತ್ತಿದರು. ಅವನು ಬಗ್ಗಿ, ಅವಳಿಗೆ ಮಾತ್ರ ಕೇಳುವಂತೆ, "ಬೇರೆಯವರು ಕೂತಾಗ್ಲೇ ಉಸಿರು ನಿಲ್ತಿತ್ತು. ಈಗ ನಾನು ಹೆಂಗೆ ನಿಂತು ನೋಡಲಿ, ಹೇಳಿ?" ಎಂದ.

ಅವಳ ಎದೆಯಲ್ಲಿ ಏನೋ ಕರಗಿ ಹರಿಯಿತು. ತಲೆ ಎತ್ತಿದರೆ ಕಣ್ಣು ತುಂಬುವುದೆಂದು ಬಿಲ್ಲೆಯನ್ನೇ ನೋಡುತ್ತ ಪೆಡಲ್ ಒತ್ತಿದಳು.

ಆ ವಾರ ಹೇಗೆ ಕಳೆಯಿತೋ. ಇಕ್ಕಳದಿಂದ ಇಡು, ತೆಗೆ. ತಲೆಯ ಮೇಲೆ ಸದಾ ಆ ಕಪ್ಪು ಗುದ್ದು, ಬೆನ್ನ ಹಿಂದೆ ಅವನ ಉಸಿರು. ಮನೆಯಲ್ಲಿ ಊಟಕ್ಕೆ ಕೂತರೂ ಕೈ ತಟ್ಟೆಯಿಂದ ತಟಕ್ಕನೆ ಹಿಂದೆ ಬರುತ್ತಿತ್ತು. ಶಿವಕ್ಕ ನೋಡುತ್ತಿದ್ದಳು. ಕೇಳುತ್ತಿರಲಿಲ್ಲ.

ಶನಿವಾರ ಎಲ್ಲರನ್ನೂ ಅಂಗಳಕ್ಕೆ ಕರೆಯುವ ಬದಲು ಏಕಾಂತಯ್ಯನವರು ಶೆಡ್ಡಿನೊಳಗೇ ಬಂದರು. ಮೂರನೇ ಪ್ರೆಸ್ಸಿನ ಕೆಲಸ ಅರ್ಧಕ್ಕೆ ಇಳಿದಿತ್ತು. ಅವರ ಮುಖ ಬಿಗಿದಿತ್ತು.

"ಏನು ಸುಧಾರಣೆ ಈ ವಾರ?" ಎಂದರು, ಅವಳನ್ನೇ ನೋಡಿ.

ರಾಜೇಶ್ವರಿ ಎದ್ದು ನಿಂತಳು. "ಈ ಪ್ರೆಸ್ ನಿಲ್ಲಿಸಬೇಕು ಸಾರ್. ಇದು ತಾನಾಗೇ ಬೀಳುತ್ತೆ. ಅದೊಂದೇ ನನ್ನ ಸಲಹೆ."

ಗುಸುಗುಸು ಎದ್ದಿತು. ವೆಂಕಟಗಿರಿ ಮುಂದೆ ಬಂದು ಅವಳ ಪಕ್ಕದಲ್ಲಿ ನಿಂತ. ತಾನು ಆ ಸಂಜೆ ಕಂಡದ್ದನ್ನು, ಹೇಳಬೇಡ ಎಂದು ಅಪ್ಪಣೆಯಾದದ್ದನ್ನು, ಮುಚ್ಚುಮರೆಯಿಲ್ಲದೆ ಎಲ್ಲರ ಮುಂದೆ ಹೇಳಿದ.

ಹಿಂದಿನಿಂದ ಒಂದು ಸಣ್ಣ ದನಿ ಬಂತು. ಯಶೋದಮ್ಮ. "ನನಗೂ ಒಂದ್ಸಲ ಹಂಗೇ ಆಗಿತ್ತು ಸಾರ್. ಕೈ ಆಚೆ ಬಂದಿತ್ತು, ಅಷ್ಟರಲ್ಲಿ ಬಿತ್ತು. ನಾನೇ ಮರೆತು ಒತ್ತಿರಬೇಕು ಅಂದ್ಕೊಂಡೆ. ಹೇಳಿದ್ರೆ ಕೆಲಸದಿಂದ ತೆಗೀತೀರ ಅಂತ..."

ಅವಳು ಮುಗಿಸಲಿಲ್ಲ. ಏಕಾಂತಯ್ಯನವರ ಮುಖ ಕಪ್ಪಿಟ್ಟಿತು. "ಎಲ್ಲರಿಗೂ ಒಟ್ಟಿಗೇ ಭೂತ ಹಿಡೀತಾ? ಸರಿಯಿರಿ, ನಾನೇ ಕೂರ್ತೀನಿ."

ಕೋಟಿನ ತೋಳು ಮಡಚಿ ಸ್ಟೂಲಿನ ಮೇಲೆ ಕೂತರು. ಇಕ್ಕಳವನ್ನು ನೆಲಕ್ಕೆಸೆದರು. ಬರಿಗೈಯಲ್ಲಿ ಬಿಲ್ಲೆ ಇಟ್ಟರು, ಪೆಡಲ್ ಒತ್ತಿದರು. ಗುದ್ದು ಬಿತ್ತು. ತೆಗೆದರು. ಮತ್ತೆ ಇಟ್ಟರು. ಪ್ರೆಸ್ಸು ಹಸುವಿನ ಹಾಗೆ ವಿಧೇಯವಾಗಿ ನಡೆಯಿತು. "ಎಲ್ಲಿ? ಎಲ್ಲಿ ಬೀಳುತ್ತೆ?" ಎನ್ನುತ್ತ ಅವರು ಜನರ ಕಡೆ ಮುಖ ತಿರುಗಿಸಿ, ನೋಡದೆಯೇ ಅಚ್ಚಿನೊಳಗೆ ಕೈ ಹಾಕಹೋದರು.

ವೆಂಕಟಗಿರಿ ಎರಡೂ ಕೈಯಿಂದ ಅವರ ಮಣಿಕಟ್ಟು ಹಿಡಿದ.

"ಬಿಡೋ ಕೈ!"

"ಬಿಡಲ್ಲ ಸಾರ್."

"ಈಗಲೇ ಕೆಲಸದಿಂದ ತೆಗೀತೀನಿ."

"ತೆಗೀರಿ. ಕೈ ಬಿಡಲ್ಲ."

ಶೆಡ್ಡಿನಲ್ಲಿ ಬೆಲ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನು ಮೈಯೆಲ್ಲ ನಡುಗುತ್ತಿದ್ದ. ಬೆವರು ಗಲ್ಲದಿಂದ ಏಕಾಂತಯ್ಯನವರ ತೋಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ಕೊಸರಿಕೊಳ್ಳುವುದನ್ನು ನಿಲ್ಲಿಸಿದರು. ಆ ಮುಖವನ್ನು, ಬಹುಶಃ ಮೊದಲ ಸಲ, ಸರಿಯಾಗಿ ನೋಡಿದರು.

"ಇಷ್ಟೊಂದು ಹೆದರಿಕೆಯೇನೋ?" ಎಂದರು ಮೆಲ್ಲನೆ.

"ಹೌದು ಸಾರ್. ದಿನಾ."

"ನನ್ನ ಕೈಗೂ?"

"ಯಾರ ಕೈ ಆದ್ರೇನು ಸಾರ್."

ಏಕಾಂತಯ್ಯನವರು ಸ್ಟೂಲಿನಿಂದ ಎದ್ದು, ಯಾರ ಕಡೆಯೂ ನೋಡದೆ, "ಬೆಲ್ಟ್ ಇಳಿಸಿ. ಫಿಟ್ಟರ್ ಅಂಜಿನಯ್ಯನ್ನ ಕರೀರಿ," ಎಂದರು.

ಚಕ್ರ ಇಳಿಸಿ ಒಳಗಿನ ಕ್ಲಚ್ ಬಿಚ್ಚಿದಾಗ ಅಂಜಿನಯ್ಯನ ಅಂಗೈಗೆ, ಪೆಡಲ್ ಒತ್ತದೆ ಗುದ್ದು ಇಳಿಯದಂತೆ ಹಿಡಿದಿಡುವ ಸ್ಪ್ರಿಂಗು ಎರಡು ತುಂಡಾಗಿ ಬಿತ್ತು. ಮುರಿದು ಬಹಳ ದಿನವಾಗಿತ್ತು. ಮುರಿದ ಬಾಯಿಗೆ ತುಕ್ಕು ಹಿಡಿದಿತ್ತು. ಅವನು ಅದನ್ನು ತೋರಿಸಿದಾಗ ಯಶೋದಮ್ಮ ಎರಡೂ ಕೈ ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕುಸಿದು ಅತ್ತಳು.

ಏಕಾಂತಯ್ಯನವರು ಅವಳ ಮುಂದೆ ಬಂದು ನಿಂತರು. "ತಪ್ಪು ನನ್ನದಮ್ಮ," ಎಂದರು. "ಒಬ್ಬ ಬಂದು ಹೇಳಿದ್ದ. ನಾನು ಕೇಳಲಿಲ್ಲ. ಇನ್ಮೇಲೆ ಏನು ಕೆಟ್ಟಿದೆ ಅಂತ ಹೇಳಿದೋರಿಗೆ ಮೊದಲ ಚಪ್ಪಾಳೆ." ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾತು ನಿಜವೋ ಅಲ್ಲವೋ ಅಂತ ಮುಂದೆ ನೋಡಬೇಕಾಗಿತ್ತು. ಆರ್ಡರಿನ ಒಂದು ಪಾಲು ಆ ತಿಂಗಳು ಕೈ ತಪ್ಪಿತು. ವೆಂಕಟಗಿರಿಯ ಕೆಲಸ ಉಳಿಯಿತು.

ಸಂಜೆ ಇಬ್ಬರೂ ಕೆಂಪು ರಸ್ತೆಯಲ್ಲಿ ನಡೆದರು. ಅವನು ಸೈಕಲ್ ತಳ್ಳುತ್ತಿದ್ದ. ಪಡುವಣದಲ್ಲಿ ಮೋಡ ಗಟ್ಟಿಯಾಗಿ, ಹೊಲಗಳ ಮೇಲೆ ತಾಮ್ರದ ಬೆಳಕು ಬಿದ್ದಿತ್ತು.

"ಒಂದು ಮಾತು ಕೇಳಲಾ?" ಎಂದ ಅವನು.

"ಹೂಂ."

"ನಿಮ್ಮನ್ನ ಬಿಟ್ಟು ಇರೋಕಾಗಲ್ಲ ಅನ್ನೋದು ಈ ವಾರ ಗೊತ್ತಾಯ್ತು." ಸೈಕಲ್ಲಿನ ಗಂಟೆಯನ್ನು ಸುಮ್ಮಸುಮ್ಮನೆ ಒರೆಸಿದ. "ಆದ್ರೆ ನೀವು ಲಿಂಗಾಯತರು, ನಾವು ಒಕ್ಕಲಿಗರು. ನಿಮ್ಮತ್ತೆ ಒಪ್ಪಲ್ಲ. ನಮ್ಮವ್ವ ಏನು ಮಾಡ್ತಾಳೋ, ನೆನೆಸ್ಕೊಂಡ್ರೇ ಕೈಕಾಲು ಬರಲ್ಲ. ಸ್ವಲ್ಪ ದಿನ ಸುಮ್ಮನಿದ್ದು ನೋಡೋಣ್ವಾ?"

ಅವಳು ನಿಂತುಬಿಟ್ಟಳು. "ನೀವೇ ಈ ಮಾತು ಹೇಳ್ತೀರಾ?"

ಅವನಿಗೆ ಅರ್ಥವಾಯಿತು. ಮುಖದಲ್ಲಿ ಒಂದು ಬಡ ನಗು ಮೂಡಿತು. "ತಪ್ಪಾಯ್ತು. ಇವತ್ತೇ ಹೇಳಿಬಿಡೋಣ."

"ಮೊದಲು ನನಗೆ ಹೇಳಿ. ಸರಿಯಾಗಿ."

ಅವನು ಹೇಳಿದ. ರಸ್ತೆಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದ. ಅವಳ ಕೆನ್ನೆ ಬಿಸಿಯಾಯಿತು. ನಗು, ಅಳು ಎರಡೂ ಒಟ್ಟಿಗೆ ಬಂದವು.

ಶಿವಕ್ಕ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದಳು. ಒಳಗೆ ಬಾ ಎನ್ನಲಿಲ್ಲ. ಅವಳ ಮುಖ ಓದಲು ಬರುವಂತಿರಲಿಲ್ಲ.

"ನಿಮ್ಮವ್ವಗೆ ಹೇಳೀಯೇನು?" ಎಂದು ಅವನನ್ನು ಕೇಳಿದಳು.

"ಇಲ್ಲಮ್ಮಾ."

"ನನಗೇನು ಇದು ಸೇರೋ ಮಾತಲ್ಲ. ಊರಾಗೆ ನನ್ನ ಅಣ್ಣನ ಮುಖಕ್ಕೆ ಏನಂತ ಹೇಳಲಿ ನಾನು?" ಶಿವಕ್ಕ ಹೊಸ್ತಿಲ ಮೇಲೆ ಕೈಯೂರಿದಳು. "ಆದ್ರೆ ಅವತ್ತು ಶೆಡ್ಡಿನಾಗೆ ಕೂತು ನಿನ್ನ ನೋಡೀನಿ. ಒಂದು ತುಂಡು ಕಬ್ಬಣಾನ ಅಷ್ಟು ಹೊತ್ತು ಕಾದವನು ನನ್ನ ಹುಡುಗೀನ ಕಾಯದೇ ಬಿಡ್ತಾನೇನು." ಬಾಗಿಲು ಎಳೆದು ಚಿಲಕ ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ, ಅತ್ತಿಗುಪ್ಪೆಗೆ. ನಿಮ್ಮವ್ವ ಬಾಗಿಲು ಹಾಕ್ಕಂಡ್ರೆ ಮೂರೂ ಜನ ಆಚೆ ನಿಲ್ಲಾಣ."

ಹೊಲದ ಬದುವಿನ ದಾರಿ ಹಿಡಿದರು. ಮುಂದೆ ಶಿವಕ್ಕ, ಹಿಂದೆ ಇವರಿಬ್ಬರು. ಊರು ಕಾಣುವ ಹೊತ್ತಿಗೆ ಗಾಳಿ ಎದ್ದು, ಗುಡುಗಿನ ಸದ್ದು ನೆಲದಡಿಯಿಂದ ಬಂದಂತೆ ಕೇಳಿಸಿತು. ಹೆಂಚಿನ ಮನೆಯೊಂದರ ಮುಂದೆ ಲಿಂಗಮ್ಮ ಒಣಗಿದ ಮೆಣಸಿನಕಾಯಿ ರಾಶಿ ಮಾಡುತ್ತಿದ್ದಳು. ಮೂವರು ಬರುವುದನ್ನು ಕಂಡು ಮೆಲ್ಲನೆ ಎದ್ದು ನಿಂತಳು. ಮಗನನ್ನು ನೋಡಿದಳು. ಅವನ ಪಕ್ಕದಲ್ಲಿದ್ದವಳನ್ನು ನೋಡಿದಳು. ಲಿಂಗಮ್ಮನ ಕೈಯಲ್ಲಿದ್ದ ಮೊರ ಅಲ್ಲಾಡಲಿಲ್ಲ.

ರಾಜೇಶ್ವರಿಗೆ ಹಿಂದಕ್ಕೆ ಓಡಬೇಕೆನ್ನಿಸಿತು. ಅಷ್ಟರಲ್ಲಿ ವೆಂಕಟಗಿರಿ ಎಲ್ಲರ ಎದುರಿಗೇ ಅವಳ ಕೈಯನ್ನು ಬಿಗಿಯಾಗಿ ಹಿಡಿದ.

"ಅವ್ವಾ," ಎಂದ, "ನಿನಗೆ ಬೇಜಾರಾಗೋ ಮಾತು ಒಂದು ಹೇಳ್ಬೇಕು. ಪೂರ್ತಿ ಕೇಳು."

ಲಿಂಗಮ್ಮ ಮೊರ ಕೆಳಗಿಟ್ಟು, ಕೇಳಲು ನಿಂತಳು.